ರೋಗಿಯ ದಫ್ತರ

(ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ದವಾಖಾನೆಯೆಂದೊಡನೆ ವೈದ್ಯರೂ ದಾದಿಯರೂ ಔಷಧದ ಸೀಸೆಗಳೂ ಕಣ್ಣ ಮುಂದೆ ನಿಲ್ಲುವವು. ಇವರೆಲ್ಲರ ಹಿಂದೆ, ರೋಗಿಯ ದೃಷ್ಟಿಗೆ ಬೀಳದೆ, ಅವನ ದಫ್ತರವನ್ನು ಕಾಯುವವರು ಇರುವರು. ಯಾವ ಬೇನೆಯಿಂದ ಬಂದನು, ಯಾವ ಔಷಧವು ಅವನಿಗೆ ಒಗ್ಗದು, ಯಾವ ಶಸ್ತ್ರಕ್ರಿಯೆ ನಡೆಯಿತು, ಯಾವ ಸ್ಥಿತಿಯಲ್ಲಿ ಮನೆಗೆ ತೆರಳಿದನು ಎಂಬಿವೆಲ್ಲ ಅದರಲ್ಲಿ ಸರಿಯಾಗಿದ್ದರೆ ಮಾತ್ರ ಮುಂದಿನ ವೈದ್ಯನು ನಿಶ್ಚಿಂತೆಯಿಂದ ಕೈಯಿಕ್ಕಬಹುದು. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಕೆಲಸವು ಸ್ವತಂತ್ರ ವಿದ್ಯೆಯಾಗಿ ಬೆಳೆದಿರುವದು. ಆರೋಗ್ಯ ಮಾಹಿತಿ ನಿರ್ವಹಣೆಯೆಂದು ಅದರ ಹೆಸರು. ಆ ದೇಶದ ದವಾಖಾನೆಗಳ ಬರವಣಿಗೆಯಲ್ಲಿ ಕೆಲಭಾಗವು ಬೆಂಗಳೂರಿನಲ್ಲಿ ಕುಳಿತ ತರುಣ ತರುಣಿಯರಿಂದ ನಡೆಯುವದರಿಂದ, ಈ ವಿದ್ಯೆಯ ಬುಡವನ್ನು ತಿಳಿಯುವದು ಕನ್ನಡಿಗರಿಗೂ ಅಪ್ರಸ್ತುತವಲ್ಲ.

ಈ ವಿದ್ಯೆಯು ಒಂದು ಲಜ್ಜೆಯ ಪ್ರಸಂಗದ ಬಳಿಕ ಬಲಗೊಂಡಿತು. ಅಲ್ಲಿಯ ಶಸ್ತ್ರವೈದ್ಯರ ಮಹಾಸಂಘವು 1918ರಲ್ಲಿ 100 ಹಾಸಿಗೆಗಳೂ ಅದಕ್ಕೆ ಮೇಲ್ಪಟ್ಟೂ ಇದ್ದ 692 ದವಾಖಾನೆಗಳನ್ನು ಪರೀಕ್ಷಿಸಿತು. ಕೇಳಿದ್ದು ಬಹಳವೇನಲ್ಲ; ಅಳತೆಗೋಲೆಲ್ಲ ಒಂದು ಪುಟದಲ್ಲಿ ಅಡಗುವಷ್ಟು. ಪ್ರತಿಯೊಬ್ಬ ರೋಗಿಗೂ ಪೂರ್ಣವಾದ, ನಿಜವಾದ ಬರಹವಿರಬೇಕು, ಬೇಕಾದಾಗ ಅದು ಕೈಗೆ ಸಿಗಬೇಕು ಎಂಬದು ಅದರಲ್ಲೊಂದು. ಅಳತೆಗೆ ನಿಂತವು 89 ಮಾತ್ರ! 1919ರಲ್ಲಿ ನ್ಯೂಯಾರ್ಕಿನ ಸಭೆಯಲ್ಲಿ ಈ ಸಂಖ್ಯೆಯನ್ನು ಸಾರಿದರು. ಆದರೆ ತಪ್ಪಿದವುಗಳಲ್ಲಿ ದೊಡ್ಡ ಹೆಸರಿನವೂ ಇದ್ದುದರಿಂದ, ಹೆಸರುಗಳ ಪಟ್ಟಿಯನ್ನು ಆ ರಾತ್ರಿಯೇ ವಸತಿಗೃಹದ ಕುಲುಮೆಯಲ್ಲಿ ಸುಟ್ಟರೆಂದು ಹೇಳುವರು. ದಫ್ತರವನ್ನು ಇಡಿರೆಂದು ಬೋಧಿಸಿದವರೇ ತಮ್ಮ ದಫ್ತರವನ್ನು ಬೆಂಕಿಗೆ ಕೊಟ್ಟುದು ವಿಚಿತ್ರವೇ ಸರಿ. ಅದು ಹೇಗಾದರೂ ಇರಲಿ, ಬರಹವನ್ನು ನೋಡಿಕೊಳ್ಳಬಲ್ಲವರು ಬೇಕೆಂಬದು ಎಲ್ಲರಿಗೂ ಮನವರಿಕೆಯಾಯಿತು. 1928ರಲ್ಲಿ ಬೋಸ್ಟನ್ ನಗರದಲ್ಲಿ ಅಂಥವರು ಒಂದು ಸಂಘವನ್ನು ಕಟ್ಟಿ, ಗ್ರೇಸ್ ವೈಟಿಂಗ್ ಮೈಯರ್ಸ್ ಎಂಬ ಮಹಿಳೆಯನ್ನು ಮೊದಲ ಅಧ್ಯಕ್ಷೆಯನ್ನಾಗಿ ಆರಿಸಿಕೊಂಡರು.

ಈ ವಿದ್ಯೆಯನ್ನು ಕಲಿಸುವ ಸ್ಥಳಗಳಲ್ಲಿ ಕಮ್ಯೂನಿಟಿ ಕಾಲೇಜು ಮುಖ್ಯವಾದುದು. ದೊಡ್ಡ ವಿಶ್ವವಿದ್ಯಾಲಯದ ವೆಚ್ಚವನ್ನು ಹೊರಲಾರದವರಿಗಾಗಿ, ಊರಿನ ಸಮೀಪದಲ್ಲಿಯೇ ಎರಡು ವರ್ಷಗಳ ವ್ಯಾಸಂಗವನ್ನು ನೀಡುವ ಶಾಲೆಯಿದು. ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬಲ್ಲಿ 1901ರಲ್ಲಿ ಹುಟ್ಟಿದ ಕಾಲೇಜು ಇವುಗಳಿಗೆ ಹಿರಿಯಣ್ಣ. ಹಗಲೆಲ್ಲ ಅಂಗಡಿಯಲ್ಲಿ ದುಡಿದು ಸಂಜೆ ಪಾಠಕ್ಕೆ ಬರುವವರು, ಮಕ್ಕಳನ್ನು ಮಲಗಿಸಿ ಗಣಕಯಂತ್ರದ ಮುಂದೆ ಕೂಡುವ ತಾಯಂದಿರು, ಸೈನ್ಯದಿಂದ ಮರಳಿದವರು ಇಲ್ಲಿಯ ವಿದ್ಯಾರ್ಥಿಗಳಲ್ಲಿ ಇರುವರು. ಶರೀರರಚನೆ, ರೋಗಶಾಸ್ತ್ರ, ವೈದ್ಯರ ಪರಿಭಾಷೆ, ಕಾಯಿದೆ, ಅಂಕಿಸಂಖ್ಯೆಗಳ ಗಣಿತ ಇವು ಪಾಠಗಳು. ನಡುವೆ ನಿಜವಾದ ದಫ್ತರಗಳ ಮೇಲೆ ಕೈಪಳಗಿಸಿಕೊಳ್ಳಬೇಕು. ಕೊನೆಗೆ ವೃತ್ತಿಸಂಘದ ಪರೀಕ್ಷೆಗೆ ಕೂಡಬೇಕು. ಆ ಪರೀಕ್ಷೆಗೆ ಅರ್ಹತೆ ದೊರೆಯುವದು ಮಾನ್ಯತೆ ಪಡೆದ ಪಾಠಕ್ರಮದಲ್ಲಿ ಓದಿದವರಿಗೆ. ಇದನ್ನು ವಿಚಾರಿಸದೆ ಸುಲ್ಕವನ್ನು ತೆತ್ತವರು ಹಣವನ್ನೂ ಕಾಲವನ್ನೂ ಕಳೆದುಕೊಳ್ಳುವರು.

ಎಲ್ಲಕ್ಕಿಂತ ಕಠಿಣವಾದುದು ಸಂಕೇತವಿದ್ಯೆ. ಒಂದೊಂದು ರೋಗಕ್ಕೂ ಗಾಯಕ್ಕೂ ಒಂದೊಂದು ಸಂಕೇತವುಂಟು. 2015ರ ಅಕ್ಟೋಬರ್ 1ರಂದು ಆ ದೇಶವು ಹಳೆಯ ಸಂಕೇತಕೋಶವನ್ನು ಬಿಟ್ಟು ಹತ್ತನೆಯ ಆವೃತ್ತಿಯನ್ನು ಹಿಡಿಯಿತು. ಹದಿನಾಲ್ಕು ಸಾವಿರದಷ್ಟಿದ್ದ ರೋಗಸಂಕೇತಗಳು ಅರವತ್ತೆಂಟು ಸಾವಿರವನ್ನು ದಾಟಿದವು. ಮುಂಗೈಯ ಹೊರಗಿನ ಎಲುಬು ಮಣಿಕಟ್ಟಿನ ಬಳಿ ಮುರಿಯಿತೆನ್ನೋಣ. ಬಲಗೈಯಾದರೆ ಎಸ್ 52.501, ಎಡಗೈಯಾದರೆ ಎಸ್ 52.502, ಮೊದಲ ಚಿಕಿತ್ಸೆಯೋ ಅನಂತರದ ಭೆಟ್ಟಿಯೋ ಎಂಬದಕ್ಕೆ ಕೊನೆಯಲ್ಲಿ ಮತ್ತೊಂದು ಅಕ್ಷರ. ಒಂದು ಅಂಕೆ ತಪ್ಪಿದರೆ ಬರಹದಲ್ಲಿ ಬಲಗೈ ಎಡಗೈಯಾಗುವದು.

ಆದರೆ ಅಂಕೆಗಳನ್ನು ಯಾರಾದರೂ ಅಭ್ಯಾಸದಿಂದ ಕಲಿಯಬಹುದು. ಈ ವಿದ್ಯೆಯ ಜೀವವು ಬೇರೆಡೆಯಲ್ಲಿರುವದು: ವೈದ್ಯನು ಬರೆಯದುದನ್ನು ದಫ್ತರದವನು ಊಹಿಸಬಾರದು. ಮನೆಯಿಂದ ಬಂದು ಹೋಗುವ ರೋಗಿಯ ಹಾಳೆಯಲ್ಲಿ ವೈದ್ಯನು 'ನ್ಯುಮೋನಿಯಾ ಇರಬಹುದು' ಎಂದು ಬರೆದಿದ್ದರೆ, ನ್ಯುಮೋನಿಯಾದ ಸಂಕೇತವನ್ನು ಹಾಕಕೂಡದು. ಕೆಮ್ಮು, ಜ್ವರ ಎಂದು ಕಂಡಷ್ಟನ್ನೇ ಹಾಕಬೇಕು. ರಕ್ತಪರೀಕ್ಷೆಯಲ್ಲಿ ರೋಗದ ಸುಳಿವು ಸ್ಪಷ್ಟವಾಗಿದ್ದರೂ, ವೈದ್ಯನು ಅದರ ಹೆಸರನ್ನು ಬರೆಯದಿದ್ದರೆ, ಅವನನ್ನೇ ಲಿಖಿತವಾಗಿ ಕೇಳಬೇಕು; ಆ ಪ್ರಶ್ನೆಯಲ್ಲಿಯೂ ಬೇಕಾದ ಉತ್ತರದ ಕಡೆಗೆ ಎಳೆಯುವ ಮಾತು ಇರಕೂಡದು. ಇಷ್ಟು ಬಿಗಿಯೇಕೆ? 1983ರಿಂದ ಅಲ್ಲಿಯ ಸರಕಾರವು ವೃದ್ಧರ ಚಿಕಿತ್ಸೆಗಾಗಿ ದವಾಖಾನೆಗಳಿಗೆ ರೋಗದ ವರ್ಗವನ್ನು ನೋಡಿ ಹಣವನ್ನು ಕೊಡಹತ್ತಿತು. ಘೋರರೋಗದ ಸಂಕೇತಕ್ಕೆ ಹೆಚ್ಚು ಹಣ. ಇಲ್ಲಿ ಆಶೆಯು ತಲೆಯೆತ್ತುವದು. ಇಲ್ಲದ ರೋಗವನ್ನು ದಫ್ತರದಲ್ಲಿ ಹುಟ್ಟಿಸಿದವರು ರಾಜದಂಡಕ್ಕೆ ಗುರಿಯಾಗುವರು. ದಂಡಕ್ಕಿಂತಲೂ ಕೇಡಿನದೆಂದರೆ, ಆ ಸುಳ್ಳುರೋಗವು ರೋಗಿಯ ಬೆನ್ನುಹತ್ತಿ ಮುಂದಿನ ವೈದ್ಯನ ಮೇಜಿಗೂ ಹೋಗುವದು. ಸಂಜೆಯ ಪಾಠಶಾಲೆಯಿಂದ ಹೊರಟ ಹೊಸ ನೌಕರನು, ಮೇಲಧಿಕಾರಿಯು ಅವಸರಪಡಿಸುತ್ತಿರುವಾಗ, 'ಇದನ್ನು ವೈದ್ಯರು ಬರೆದಿಲ್ಲ' ಎನ್ನಬೇಕಾಗುವದು. ಎರಡು ವರ್ಷಗಳ ಓದಿನ ನಿಜವಾದ ಪರೀಕ್ಷೆ ಅದೇ.

ದಫ್ತರವು ದವಾಖಾನೆಯ ವಶದಲ್ಲಿದ್ದರೂ ರೋಗಿಗೆ ಅದರಲ್ಲಿ ಹಕ್ಕುಂಟು. 1996ರ ಕಾಯಿದೆಯನ್ನು ಅನುಸರಿಸಿ ಹೊರಟು 2003ರಲ್ಲಿ ಆಚರಣೆಗೆ ಬಂದ ನಿಯಮಗಳಂತೆ, ಅವನು ತನ್ನ ಬರಹದ ಪ್ರತಿಯನ್ನು ಬೇಡಬಹುದು, ತಪ್ಪಿದ್ದರೆ ತಿದ್ದಿರೆನ್ನಬಹುದು. ತಿದ್ದುವಾಗಲೂ ಹಳೆಯದನ್ನು ಅಳಿಸುವಂತಿಲ್ಲ. ಮೊದಲಿನ ಬರಹವು ಓದಲು ಬರುವಂತೆಯೇ ಉಳಿದು, ತಿದ್ದುಪಡಿಗೆ ತಿಂಗಳು ತಾರೀಖು ರುಜು ಬೀಳಬೇಕು. ದವಾಖಾನೆಯವರು ತಿದ್ದಲು ಒಪ್ಪದಿದ್ದರೆ, ರೋಗಿಯು ತನ್ನ ಅಸಮ್ಮತಿಯನ್ನು ಬರೆದುಕೊಡಬಹುದು. ಆ ಚೀಟಿಯನ್ನು ದಫ್ತರಕ್ಕೆ ಜೋಡಿಸಿ, ವಿವಾದದ ಆ ಬರಹವು ಮುಂದೆ ಎಲ್ಲಿಗೆ ಹೋದರೂ ಅದರೊಡನೆ ಕಳಿಸುವ ಕೆಲಸವೂ ಈ ವಿದ್ಯೆಯನ್ನು ಕಲಿತವರದೇ.