ದೂರದ ಬೆಟ್ಟಕ್ಕೆ ನೀಲಿ ಎಲ್ಲಿಂದ ಬಂತು?

ಮಕ್ಕಳೇ, ರಷ್ಯಾದ ಚಿತ್ರಕಾರ ನಿಕೊಲಸ್ ರೋರಿಕ್ ಹಿಮಾಲಯವನ್ನು ಮತ್ತೆ ಮತ್ತೆ ಬರೆದವರು. ಅವರ ಅನೇಕ ಚಿತ್ರಗಳಲ್ಲಿ ಹತ್ತಿರದ ಬೆಟ್ಟ ಗಾಢವಾಗಿರುತ್ತದೆ, ಹಿಂದಿನದು ನೀಲಿ, ಅದರಾಚೆಯದು ಇನ್ನೂ ತಿಳಿ ನೀಲಿ. ಬಂಡೆಯೇನೂ ನೀಲಿಯಲ್ಲ. ಮತ್ತೆ ಈ ಬಣ್ಣ ಯಾರದು?

ಗಾಳಿಯದು! ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಬೆರೆತಿರುತ್ತವೆ. ಗಾಳಿಯ ಅಣುಗಳು ಕೆಂಪು ಬೆಳಕನ್ನು ಹೆಚ್ಚುಕಡಿಮೆ ಅದರ ಪಾಡಿಗೆ ಹೋಗಲು ಬಿಡುತ್ತವೆ, ನೀಲಿಯನ್ನು ಮಾತ್ರ ಸುತ್ತಲೂ ಚದುರಿಸುತ್ತವೆ. ಆಕಾಶ ನೀಲಿಯಾಗಿರುವುದು ಇದರಿಂದಲೇ. ನಮಗೂ ಬೆಟ್ಟಕ್ಕೂ ನಡುವೆ ಇರುವ ಗಾಳಿಯೂ ಇದನ್ನೇ ಮಾಡುತ್ತದೆ. ಬೆಟ್ಟ ದೂರವಾದಷ್ಟೂ ನಡುವೆ ಗಾಳಿ ಹೆಚ್ಚು, ಕಣ್ಣಿಗೆ ಬೀಳುವ ನೀಲಿಯೂ ಹೆಚ್ಚು. ಬೆಟ್ಟ ಬರೆಯುವವರು ನಿಜಕ್ಕೂ ಗಾಳಿಯನ್ನೂ ಬರೆಯುತ್ತಿರುತ್ತಾರೆ. ನನಗೆ ಇದು ಬಹಳ ಇಷ್ಟವಾದ ಸಂಗತಿ.

ರೋರಿಕ್ ಇದನ್ನೆಲ್ಲ ಕೋಣೆಯಲ್ಲಿ ಕೂತು ಊಹಿಸಲಿಲ್ಲ. 1925ರಿಂದ 1928ರವರೆಗೆ ಹೆಂಡತಿ ಹೆಲೆನಾ, ಮಗ ಯೂರಿ ಜೊತೆ ಲಡಾಖ್, ಆಲ್ಟಾಯ್, ಮಂಗೋಲಿಯಾ, ಟಿಬೆಟ್ ಸುತ್ತಿದರು. 1927ರಲ್ಲಿ ಟಿಬೆಟ್‌ನ ಅಧಿಕಾರಿಗಳು ಮುಂದೆ ಹೋಗಗೊಡದೆ ತಡೆದರು. ಮರವಿಲ್ಲದ ಎತ್ತರದ ಬಯಲಿನಲ್ಲಿ, ಕೊರೆಯುವ ಚಳಿಯಲ್ಲಿ, ಇಡೀ ತಂಡ ತಿಂಗಳುಗಟ್ಟಲೆ ಡೇರೆಗಳಲ್ಲೇ ಉಳಿಯಬೇಕಾಯಿತು. ಎಷ್ಟೋ ಪ್ರಾಣಿಗಳು ಸತ್ತವು.

ಅಷ್ಟು ಎತ್ತರದಲ್ಲಿ ಗಾಳಿ ತೆಳು. ಸುಮಾರು 5500 ಮೀಟರ್ ಮೇಲೆ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕೆ ಇಳಿಯುತ್ತದೆ. ದೂಳೂ ತೇವವೂ ಕಡಿಮೆ. ಹಾಗಾಗಿ ಬಹಳ ದೂರದ ಶಿಖರವೂ ಕತ್ತರಿಸಿಟ್ಟ ಕಾಗದದಂತೆ ಅಂಚು ಸ್ಪಷ್ಟವಾಗಿ ಕಾಣುತ್ತದೆ, ಆಕಾಶ ಕಡುನೀಲಿಗೆ ತಿರುಗುತ್ತದೆ. ರೋರಿಕ್ ಅವರ ಬೆಟ್ಟಗಳ ಚೂಪು ಅಂಚುಗಳನ್ನು ನೋಡಿ, ಕಲ್ಪನೆ ಎನ್ನುವವರಿದ್ದಾರೆ. ಆ ಎತ್ತರದ ಗಾಳಿಯನ್ನು ನೆನೆದರೆ ನನಗೆ ಹಾಗನ್ನಿಸುವುದಿಲ್ಲ. ಅವರು ಹೆಚ್ಚಾಗಿ ಬಳಸಿದ ಟೆಂಪೆರಾ ಎಂಬ ಬಣ್ಣವೂ ಇಂಥ ಸ್ಪಷ್ಟ ಅಂಚುಗಳಿಗೆ ಒಗ್ಗುತ್ತಿತ್ತು, ಅದು ಎಣ್ಣೆಬಣ್ಣದಂತೆ ಹೊಳೆಯುವುದಿಲ್ಲ.

ಸಂಜೆಯ ಹಿಮ ಕಿತ್ತಳೆಯಾಗುವುದೂ ಇದೇ ಗಾಳಿಯಿಂದ. ಸೂರ್ಯ ಕೆಳಗಿಳಿದಾಗ ಬೆಳಕು ಗಾಳಿಯಲ್ಲಿ ಬಹಳ ದೂರ ಸಾಗಬೇಕು, ದಾರಿಯಲ್ಲೇ ನೀಲಿ ಚದುರಿಹೋಗಿ ಕೆಂಪು, ಕಿತ್ತಳೆ ಉಳಿಯುತ್ತವೆ.

ರೋರಿಕ್ 1928ರಿಂದ 1947ರಲ್ಲಿ ತೀರಿಕೊಳ್ಳುವವರೆಗೆ ಕುಲು ಕಣಿವೆಯ ನಗ್ಗರ್‌ನಲ್ಲಿದ್ದರು. ಕಿರಿಯ ಮಗ ಸ್ವೆತೊಸ್ಲಾವ್ ಕೂಡ ಚಿತ್ರಕಾರ, ನಟಿ ದೇವಿಕಾ ರಾಣಿಯವರ ಪತಿ. ಈ ದಂಪತಿ ನೆಲೆಸಿದ್ದು ಬೆಂಗಳೂರಿನ ಹತ್ತಿರದ ತಾತಗುಣಿಯಲ್ಲಿ. ಅಪ್ಪ-ಮಗನ ಚಿತ್ರಗಳು ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿವೆ.

ಗಾಳಿ ನೀಲಿಯನ್ನು ಚದುರಿಸುವಂತೆ ಹಾಲೂ ಚದುರಿಸುವುದನ್ನು ನೀವು ಮನೆಯಲ್ಲೇ ನೋಡಬಹುದು. ಗಾಜಿನ ಲೋಟದಲ್ಲಿ ನೀರು ತುಂಬಿ ಕೆಲವು ಹನಿ ಹಾಲು ಬೆರೆಸಿ. ಕತ್ತಲ ಕೋಣೆಯಲ್ಲಿ ಒಂದು ಬದಿಯಿಂದ ಟಾರ್ಚ್ ಬಿಡಿ. ಪಕ್ಕದಿಂದ ನೋಡಿದರೆ ನೀರಿಗೆ ನಸುನೀಲಿ, ಟಾರ್ಚ್‌ನ ಎದುರು ಬದಿಯಿಂದ ನೋಡಿದರೆ ಬೆಳಕಿಗೆ ಹಳದಿ-ಕಿತ್ತಳೆ ಛಾಯೆ ಕಾಣಬೇಕು. ಕಾಣದಿದ್ದರೆ ಇನ್ನೊಂದು ಹನಿ ಹಾಲು ಹಾಕಿ ನೋಡಿ.