ತೈಲಚಿತ್ರಗಳ ಒಳಪೆಟ್ಟು

ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸು ಅದನ್ನು ಮೊದಲು ಕಣ್ಣಿನಿಂದ ನೋಡುತ್ತಾಳೆ. ಆಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾಳೆ. ಠಣ್ ಎಂದರೆ ಮಡಕೆ ಗಟ್ಟಿ. ದನಿ ಒಡಕಾದರೆ ಎಲ್ಲೋ ಕೂದಲೆಳೆಯಷ್ಟು ಬಿರುಕಿದೆ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಕೊಳ್ಳುವವರು ಮಡಿಕೆ ಬಿಡಿಸಿ ಬೆಳಕಿಗೆ ಅಡ್ಡ ಹಿಡಿಯುತ್ತಾರೆ. ಎಳೆ ತಪ್ಪಿದ ಕಡೆ ಬೆಳಕು ತಾನಾಗಿಯೇ ಇಣುಕಿ ದೂರು ಹೇಳುತ್ತದೆ. ಮಡಕೆಯನ್ನು ಒಡೆದು ಪರೀಕ್ಷಿಸಿದವರಿಲ್ಲ, ಸೀರೆಯನ್ನು ಹರಿದು ನೋಡಿದವರಿಲ್ಲ. ವಸ್ತುವಿಗೆ ಹಾನಿಯಾಗದಂತೆ ಅದರ ಒಳಗನ್ನು ತಿಳಿಯುವ ವಿದ್ಯೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಕರಗತವಾದದ್ದೇ. ಆದರೆ ಗೋಡೆಯ ಮೇಲಿನ ತೈಲಚಿತ್ರದ ಮುಂದೆ ನಿಂತಾಗ ಈ ಎಚ್ಚರ ನಮ್ಮನ್ನು ಬಿಟ್ಟುಹೋಗುತ್ತದೆ. ನನ್ನನ್ನಂತೂ ಒಮ್ಮೆ ಬಿಟ್ಟುಹೋಯಿತು.

ಅನೇಕ ವರ್ಷಗಳ ಹಿಂದಿನ ಮಾತು. ನಾನು ಆಗ ಇದ್ದ ಶಾಲೆಯ ಸಭಾಂಗಣದಲ್ಲಿ, ಶಾಲೆಗೆ ನಿವೇಶನ ದಾನಮಾಡಿದ ಮಹನೀಯರ ತೈಲಚಿತ್ರವೊಂದಿತ್ತು. ಕೆಂಪು ಪೇಟ, ವಿಶಾಲವಾದ ಹಣೆ, ಸ್ವಲ್ಪ ನಗುವ ಕಣ್ಣು. ವಾರ್ಷಿಕೋತ್ಸವದ ಹಿಂದಿನ ದಿನ ಅದರ ಮೇಲೆ ಧೂಳು ಕವಿದಿರುವುದನ್ನು ಕಂಡು, ಒದ್ದೆ ಬಟ್ಟೆಯಿಂದ ಒರೆಸಿ, ಹೊಳಪು ಬರಲೆಂದು ತುಸು ಎಣ್ಣೆ ಸವರುವಂತೆ ನಾನೇ ಹೇಳಿದೆ. ಚಿತ್ರ ನೋಡುವುದಕ್ಕೆ ಗಟ್ಟಿಯಾಗಿಯೇ ಇತ್ತು. ಒರೆಸಿದ ಬಟ್ಟೆಯನ್ನು ತಿರುಗಿಸಿದರೆ ಅದರ ತುಂಬ ಅಕ್ಕಿನುಚ್ಚಿನಷ್ಟು ಬಣ್ಣದ ಚಕ್ಕೆಗಳು! ಪೇಟದ ಅಂಚೂ ಹಣೆಯ ಅರ್ಧವೂ ಬಟ್ಟೆಗೆ ಬಂದಿದ್ದುವು. ಗಾಬರಿಯಲ್ಲಿ ಆ ಬಟ್ಟೆಯನ್ನೂ ಒಗೆದುಬಿಟ್ಟರು.

ಮರುದಿನ ಸಭೆಗೆ ಆ ದಾನಿಗಳ ಮೊಮ್ಮಗಳು ಬಂದರು, ವಯಸ್ಸಾದ ತಾಯಿ. ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದು, "ಮೇಷ್ಟ್ರೇ, ನಮ್ಮ ಮನೆಯಲ್ಲಿ ತಾತನ ಪಟ ಒಂದೂ ಇಲ್ಲ. ಮುಖ ನೋಡಬೇಕೆಂದರೆ ಇಲ್ಲಿಗೇ ಬರುತ್ತಿದ್ದೆ" ಎಂದರು. ಬೈಯಲಿಲ್ಲ. ಬೈದಿದ್ದರೆ ನನ್ನ ಮನಸ್ಸು ಹಗುರವಾಗುತ್ತಿತ್ತು.

ಗಟ್ಟಿಯಾಗಿ ಕಂಡ ಚಿತ್ರ ಒಂದು ಒದ್ದೆ ಬಟ್ಟೆಗೆ ಸೋತದ್ದೇಕೆ? ಉತ್ತರ ಎಣ್ಣೆಯಿಂದಲೇ ಆರಂಭವಾಗುತ್ತದೆ. ಚಳ್ಳಕೆರೆ ಎಣ್ಣೆಯ ಊರು. ಶೇಂಗಾ ಎಣ್ಣೆಯ ಗಿರಣಿಗಳು ಅದಕ್ಕೆ ತಂದ ಹೆಸರು. ಶೇಂಗಾ ಎಣ್ಣೆಯನ್ನು ತಟ್ಟೆಗೆ ಸವರಿ ಒಂದು ತಿಂಗಳು ಬಿಟ್ಟರೂ ಅದು ಜಿಡ್ಡಾಗಿಯೇ ಇರುತ್ತದೆ, ಒಣಗುವುದಿಲ್ಲ. ಅಗಸೆ ಎಣ್ಣೆಯ ಗುಣವೇ ಬೇರೆ. ಅದು ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ, ಒಳಗೊಳಗೇ ಹೆಣೆದುಕೊಂಡು, ಗಟ್ಟಿ ಪೊರೆಯಾಗುತ್ತದೆ. ಬಣ್ಣದ ಪುಡಿಯನ್ನು ಇಂಥ ಒಣಗುವ ಎಣ್ಣೆಯಲ್ಲಿ ಅರೆದು ಬರೆದದ್ದೇ ತೈಲಚಿತ್ರ.

ನಾವು ಚಿತ್ರವೆಂದು ನೋಡುವುದು ಒಂದು ಹಾಳೆಯಲ್ಲ, ಹಲವು ಪದರಗಳ ಕಟ್ಟಡ. ತಳದಲ್ಲಿ ಮರದ ಚೌಕಟ್ಟಿಗೆ ಬಿಗಿದ ಕ್ಯಾನ್‌ವಾಸು ಬಟ್ಟೆ. ಅದರ ಮೇಲೆ ಸರೇಸಿನ ಲೇಪ. ಅದರ ಮೇಲೆ ಬಿಳಿಯ ತಳಬಣ್ಣ. ಆಮೇಲೆ ಚಿತ್ರಕಾರನ ಬಣ್ಣಗಳು. ಎಲ್ಲಕ್ಕೂ ಮೇಲೆ ವಾರ್ನಿಷು. ಮಳೆಗಾಲದ ತೇವಕ್ಕೆ ಸರೇಸೂ ಬಟ್ಟೆಯೂ ಒಂದು ಬಗೆಯಾಗಿ ಅಲುಗುತ್ತವೆ, ನಮ್ಮ ಸೀಮೆಯ ಬೇಸಗೆಯ ಒಣಗಾಳಿಗೆ ಇನ್ನೊಂದು ಬಗೆಯಾಗಿ. ಮೇಲಿನ ಬಣ್ಣವೋ ವಯಸ್ಸಾದಂತೆಲ್ಲ ಗಡುಸಾಗಿ ಬಳುಕುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಕೆಳಗಿನವರು ಅಲುಗುತ್ತಾರೆ, ಮೇಲಿನವರು ಬಗ್ಗುವುದಿಲ್ಲ. ಕೂಡುಕುಟುಂಬದಲ್ಲಿ ಹೇಗೋ ಹಾಗೆ ಇಲ್ಲಿಯೂ ನಡುವೆ ಬಿರುಕು ಬಿಡುತ್ತದೆ. ಬಣ್ಣ ತಳದಿಂದ ಬಿಟ್ಟುಕೊಂಡರೂ ತಕ್ಷಣ ಉದುರುವುದಿಲ್ಲ. ಅಕ್ಕಪಕ್ಕದ ಆಸರೆಯಿಂದ ವರ್ಷಗಟ್ಟಲೆ ತನ್ನ ಸ್ಥಳದಲ್ಲಿಯೇ ನಿಂತಿರುತ್ತದೆ. ಎದುರಿನಿಂದ ನೋಡುವ ಕಣ್ಣಿಗೆ ಎಲ್ಲವೂ ಕ್ಷೇಮ. ಇದೇ ಒಳಪೆಟ್ಟು.

ನನ್ನ ಅಚಾತುರ್ಯವಾದ ಮೇಲೆ, ಬೆಂಗಳೂರಿನ ಚಿತ್ರಸಂರಕ್ಷಕರೊಬ್ಬರು ಬಂದು ಆ ಪಟವನ್ನು ನೋಡಿದರು. ಮುಟ್ಟಲಿಲ್ಲ. ಕಿಟಕಿಗಳನ್ನು ಮುಚ್ಚಿಸಿ, ಒಂದು ಟಾರ್ಚನ್ನು ಚಿತ್ರದ ಪಕ್ಕದಿಂದ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಹಿಡಿದರು. ನಾನು ಬೆಚ್ಚಿದೆ. ನುಣುಪಾದ ಕೋಟಿನ ಮೇಲೆ ಬತ್ತಿದ ಕೆರೆಯಂಗಳ ಕಾಣಿಸಿತು. ಒಣಗಿದ ಕೆಸರಿನ ಹೆಕ್ಕಳದಂತೆ ಒಂದೊಂದು ಚಕ್ಕೆಯೂ ಅಂಚು ಮೇಲೆತ್ತಿ ಬಟ್ಟಲಾಗಿ ನಿಂತಿತ್ತು. ಶಾಸನ ಓದುವವರಿಗೆ ಈ ಉಪಾಯ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನಗಳಂಥ ಸವೆದ ಬರಹಗಳ ಮುಂದೆ ನಿಂತವರು ಬಲ್ಲರು: ನೆತ್ತಿಯ ಬೆಳಕಿನಲ್ಲಿ ಬರಿಯ ಬಂಡೆ, ಓರೆಬೆಳಕಿನಲ್ಲಿ ಅಕ್ಷರ. ನಾನು ಎಷ್ಟು ಸಲ ಮಕ್ಕಳಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ! ಕಲ್ಲಿಗೆ ಹಿಡಿದ ದೀಪವನ್ನು ಚಿತ್ರಕ್ಕೆ ಹಿಡಿಯಬೇಕೆಂದು ನನಗೇ ತೋಚಲಿಲ್ಲ.

ಓರೆಬೆಳಕು ಮೊದಲ ಮೆಟ್ಟಿಲು ಮಾತ್ರ. ಚಿತ್ರದ ಬೆನ್ನ ಹಿಂದೆ ದೀಪವಿಟ್ಟು ಮುಂದಿನಿಂದ ನೋಡಿದರೆ, ಸೀರೆಯಲ್ಲಿ ಕಂಡಂತೆ, ಬಿರುಕುಗಳೂ ಬಣ್ಣ ಉದುರಿ ತೆಳುವಾದ ಕಡೆಗಳೂ ಬೆಳಕಿನ ಗೆರೆಗಳಾಗಿ ಮೂಡುತ್ತವೆ. ಇನ್ನು ಕಣ್ಣಿಗೆ ಕಾಣದ ಬೆಳಕುಗಳು. ಅತಿನೇರಳೆ ಕಿರಣವನ್ನು ಕತ್ತಲಲ್ಲಿ ಹಾಯಿಸಿದರೆ ಹಳೆಯ ರಾಳದ ವಾರ್ನಿಷು ಹಸುರುಛಾಯೆಯಲ್ಲಿ ಮಿನುಗುತ್ತದೆ. ಅದರ ಮೇಲೆ ಈಚೆಗೆ ಯಾರಾದರೂ ತೇಪೆಬಣ್ಣ ಹಚ್ಚಿದ್ದರೆ ಅದು ಕಪ್ಪು ಕಲೆಯಾಗಿ ಸಿಕ್ಕಿಬೀಳುತ್ತದೆ. ಅವಕೆಂಪು ಕಿರಣ ಹಲವು ಬಣ್ಣಗಳನ್ನು ದಾಟಿ ಒಳಗೆ ಹೋಗಬಲ್ಲದು. ಇದ್ದಿಲಿನ ಕಪ್ಪು ಮಾತ್ರ ಅದನ್ನು ನುಂಗುತ್ತದೆ. ಆದುದರಿಂದ ಬಣ್ಣದ ಅಡಿಯಲ್ಲಿ ಚಿತ್ರಕಾರ ಎಳೆದ ಇದ್ದಿಲ ಗೆರೆ, ತೇಪೆಯ ಕೆಳಗೆ ಅಡಗಿದ ಹಳೆಯ ಗಾಯ, ಎರಡೂ ತೋರಬಹುದು.

ಕ್ಷಕಿರಣದ ಕಥೆ ನಿಮಗೆ ಗೊತ್ತಿದೆ. ಜರ್ಮನಿಯ ರಾಂಟ್‌ಗೆನ್ ಅದನ್ನು ಕಂಡುಹಿಡಿದದ್ದು 1895ರಲ್ಲಿ. ಮುರಿದ ಮೂಳೆಗಳ ಜೊತೆಯಲ್ಲಿಯೇ, 1896ರಷ್ಟು ಬೇಗ, ಅದೇ ದೇಶದಲ್ಲಿ ಚಿತ್ರಗಳನ್ನೂ ಅದರ ಮುಂದೆ ಹಿಡಿದು ನೋಡಿದರು. ಭಾರವಾದ ಲೋಹವಿರುವ ಬಣ್ಣಗಳು, ಎಂದರೆ ಸೀಸದ ಬಿಳುಪು, ಪಾದರಸದಿಂದಾದ ಇಂಗಳೀಕ, ಈ ಕಿರಣವನ್ನು ತಡೆದು ಬೆಳ್ಳಗೆ ಕಾಣುತ್ತವೆ. ಹರಿದ ಬಟ್ಟೆ, ಒಳಗಿನ ಮೊಳೆ, ಚೌಕಟ್ಟಿನ ಮರದಲ್ಲಿ ಹುಳು ಕೊರೆದ ಸುರಂಗ, ಬಣ್ಣ ಹೋದ ಹಳ್ಳ, ಎಲ್ಲದರ ನಕ್ಷೆಯೂ ಸಿಕ್ಕುತ್ತದೆ.

ಆದರೆ ಬಣ್ಣ ತಳದಿಂದ ಬಿಟ್ಟುಕೊಂಡು ನಡುವೆ ಬರಿಯ ಗಾಳಿ ಸೇರಿದ್ದರೆ? ಗಾಳಿಯ ತೆಳುಪದರವನ್ನು ಕ್ಷಕಿರಣ ಸಾಮಾನ್ಯವಾಗಿ ಗುರುತಿಸಲಾರದು. ಅದಕ್ಕೆ ಶಾಖವೇ ದೂತ. ಚಿತ್ರವನ್ನು ದೀಪದಿಂದ ಬಹು ಮೆಲ್ಲಗೆ, ಹಾನಿಯಾಗದಷ್ಟು ಮಾತ್ರ ಬೆಚ್ಚಗೆ ಮಾಡಿ, ಶಾಖವನ್ನು ಕಾಣಬಲ್ಲ ಕ್ಯಾಮರಾದಿಂದ ನೋಡುತ್ತಾರೆ. ಬಣ್ಣ ಗಟ್ಟಿಯಾಗಿ ಕೂತಿರುವ ಕಡೆ ಶಾಖ ಒಳಕ್ಕೆ ಇಳಿದುಹೋಗುತ್ತದೆ. ಟೊಳ್ಳಿರುವ ಕಡೆ ಮೇಲೆಯೇ ತಂಗುತ್ತದೆ. ವಿಮಾನದ ರೆಕ್ಕೆಯ ಪದರಗಳು ಒಳಗೇ ಬಿಟ್ಟುಕೊಂಡಿವೆಯೇ ಎಂದು ಪರೀಕ್ಷಿಸುವುದಕ್ಕೂ ಈ ವಿಧಾನವುಂಟು. ವಿಮಾನದಲ್ಲಿ ಅದು ಪ್ರಾಣದ ಪ್ರಶ್ನೆ. ಚಿತ್ರದಲ್ಲಿ ನೆನಪಿನ ಪ್ರಶ್ನೆ.

ಇವು ಪರದೇಶದ ದೊಡ್ಡ ಮಾತುಗಳೆಂದು ತಿಳಿಯಬೇಡಿ. ಮೈಸೂರು ಅರಮನೆಯ ಕಲ್ಯಾಣಮಂಟಪದ ಗೋಡೆಗಳಲ್ಲಿ 1930ರ ದಸರಾ ಮೆರವಣಿಗೆಯನ್ನು ತೋರಿಸುವ 26 ಫಲಕಗಳಿವೆ. ನಮ್ಮ ನಾಡಿನ ಚಿತ್ರಕಾರರು 1934ರಿಂದ 1945ರ ವರೆಗೆ ದುಡಿದು ಬರೆದ ತೈಲಚಿತ್ರಗಳವು. ಆನೆ, ಕುದುರೆ, ದಂಡು, ಜನ, ಇಡೀ ಒಂದು ಕಾಲವೇ ಅಲ್ಲಿ ನಡೆದುಹೋಗುತ್ತಿದೆ. ಗೋಡೆಗೆ ಹೊಂದಿಸಿದ ಇಂಥ ಚಿತ್ರದ ಬೆನ್ನ ಹಿಂದೆ ದೀಪವಿಡುವುದು ಸಾಧ್ಯವಿಲ್ಲ. ಓರೆಬೆಳಕನ್ನೂ ಶಾಖವನ್ನೂ ಆಶ್ರಯಿಸಬೇಕು. ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ತೈಲಚಿತ್ರಗಳಿವೆ. ಅಲ್ಲಿಯೇ ಇರುವ, ದೀಪ ಹಿಡಿದ ಹೆಂಗಸಿನ ಪ್ರಸಿದ್ಧ ಚಿತ್ರವನ್ನು ರವಿವರ್ಮನ ತೈಲಚಿತ್ರವೆಂದೇ ಅನೇಕರು ಹೇಳುವುದುಂಟು. ಅದು ಹಲ್ದಣಕರ್ ಅವರ ಕೃತಿ, ಅದೂ ಜಲವರ್ಣ! ಬರಿಗಣ್ಣಿನ ಸಾಕ್ಷ್ಯ ಎಷ್ಟು ನಂಬತಕ್ಕದ್ದೆಂಬುದಕ್ಕೆ ಇದೊಂದು ನಿದರ್ಶನ ಸಾಕು.

ಯೂರೋಪಿನ ಒಂದು ಉದಾಹರಣೆ ಹೇಳುತ್ತೇನೆ. ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿ ರೆಂಬ್ರಾಂಟನು 1642ರಲ್ಲಿ ಮುಗಿಸಿದ 'ರಾತ್ರಿಯ ಪಹರೆ' ಎಂಬ ಮಹಾಚಿತ್ರವಿದೆ. 2019ರಲ್ಲಿ ಅದರ ಸುತ್ತ ಗಾಜಿನ ಕೋಣೆ ಕಟ್ಟಿ, ಜನ ನೋಡುತ್ತಿದ್ದಂತೆಯೇ, ಅಂಗುಲ ಅಂಗುಲವಾಗಿ ಪರೀಕ್ಷಿಸಲು ತೊಡಗಿದರು. ಮೊದಲು ನೋಟ, ಆಮೇಲೆ ಕೈ. ಮೇಲಿನ ಎಡಮೂಲೆಯಲ್ಲಿ ಕ್ಯಾನ್‌ವಾಸು ಸುಕ್ಕುಗಟ್ಟಿದ್ದುದನ್ನು ಸರಿಪಡಿಸಲು 2022ರಲ್ಲಿ ಅದನ್ನು ಹೊಸ ಚೌಕಟ್ಟಿಗೆ ಬಿಗಿದರು. ಅದೇ ರೆಂಬ್ರಾಂಟನು 1632ರಲ್ಲಿ ಬರೆದ ವೈದ್ಯ ಟುಲ್ಪನ ಚಿತ್ರದಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಕಂಡವು. ವಿಚಾರಿಸಿದರೆ, ಬಣ್ಣದಲ್ಲಿನ ಸೀಸವೂ ಎಣ್ಣೆಯಲ್ಲಿನ ಆಮ್ಲವೂ ಕೂಡಿ ಚಿತ್ರದ ಒಳಗೇ ಒಂದು ಬಗೆಯ ಸಾಬೂನಾಗಿ, ಮೇಲಿನ ಬಣ್ಣವನ್ನು ತಳ್ಳುತ್ತಿತ್ತು! ಎಣ್ಣೆಯಿಂದ ಸಾಬೂನಾಗುವುದು ನಮಗೆ ತಿಳಿದದ್ದೇ. ಚಿತ್ರದ ಹೊಟ್ಟೆಯಲ್ಲಿ ಅದು ಶತಮಾನಗಳ ಕಾಲ ನಡೆಯುವುದು ಮಾತ್ರ ವಿಸ್ಮಯ.

ಯಾವ ಒಂದು ಕಿರಣವೂ ಸರ್ವಜ್ಞನಲ್ಲವೆಂಬುದನ್ನು ಮರೆಯಬಾರದು. ಒಂದು ಮೈಯನ್ನು ನೋಡುತ್ತದೆ, ಒಂದು ಮೂಳೆಯನ್ನು, ಇನ್ನೊಂದು ಜ್ವರವನ್ನು. ಇವೆಲ್ಲದರ ಮಾತನ್ನೂ ಕೂಡಿಸಿ ಅರ್ಥಮಾಡುವುದು ಅನುಭವಿಯ ಕೆಲಸ. ನಮ್ಮ ದೇಶದಲ್ಲಿ 1976ರಲ್ಲಿ ಲಖನೌದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಾಂಸ್ಕೃತಿಕ ಸಂಪತ್ತಿನ ಸಂರಕ್ಷಣಾ ಸಂಶೋಧನಾಲಯಕ್ಕೆ ಮೈಸೂರಿನಲ್ಲಿ ಒಂದು ಪ್ರಾದೇಶಿಕ ಪ್ರಯೋಗಾಲಯವಿದೆ. ಬೆಂಗಳೂರಿನಲ್ಲಿ ಇನ್‌ಟ್ಯಾಕ್ ಸಂಸ್ಥೆಯ ಸಂರಕ್ಷಣ ಕೇಂದ್ರವಿದೆ. ಕಚೇರಿ, ಶಾಲೆ, ಮಠ, ಗ್ರಂಥಾಲಯಗಳಲ್ಲಿ ಹಳೆಯ ತೈಲಚಿತ್ರವಿದ್ದವರು ಇಂಥಲ್ಲಿ ವಿಚಾರಿಸಬಹುದು.

ಅಲ್ಲಿಯ ವರೆಗೆ ಮನೆಯಲ್ಲಿ ನೀವೇನು ಮಾಡಬಹುದು? ರಾತ್ರಿ ದೀಪಗಳನ್ನು ಆರಿಸಿ, ಒಂದು ಟಾರ್ಚನ್ನಾಗಲಿ ಮೊಬೈಲ್ ಫೋನಿನ ದೀಪವನ್ನಾಗಲಿ ಚಿತ್ರದ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನಾಲ್ಕು ದಿಕ್ಕಿನಿಂದಲೂ ನೋಡಿರಿ. ಚಕ್ಕೆ ಎದ್ದಿದ್ದರೆ, ಉಬ್ಬಿದ್ದರೆ, ಒಣ ಬಟ್ಟೆಯಿಂದಲೂ ಒರೆಸಬೇಡಿ. ಎಣ್ಣೆ ಬೇಡವೇ ಬೇಡ. ಒಣಗದ ಎಣ್ಣೆ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಉದುರಿದ ಚಕ್ಕೆಗಳನ್ನು ಕಾಗದದಲ್ಲಿ ಕಟ್ಟಿಡಿ, ಎಸೆಯಬೇಡಿ. ವರ್ಷಕ್ಕೊಮ್ಮೆ ಮುಂದಿನದೂ ಹಿಂದಿನದೂ ಫೋಟೋ ತೆಗೆದಿಡಿ. ಹಾನಿ ಬೆಳೆಯುತ್ತಿದೆಯೇ ಎಂದು ಮುಂದಿನ ವರ್ಷ ಅದು ಹೇಳುತ್ತದೆ. ತೇವದ ಗೋಡೆ, ಬಿಸಿಲು ಬೀಳುವ ಕಿಟಕಿಯ ಎದುರು, ಉರಿಯುವ ದೀಪದ ಮೇಲ್ಭಾಗ, ಈ ಮೂರೂ ಚಿತ್ರಕ್ಕೆ ಸಲ್ಲವು.

ಆ ಶಾಲೆಯ ಪಟದಲ್ಲಿ ಉಳಿದಿದ್ದ ಬಣ್ಣವನ್ನು ಸಂರಕ್ಷಕರು ಮತ್ತೆ ಅಂಟಿಸಿ ನಿಲ್ಲಿಸಿದರು. ಕಣ್ಣು ಉಳಿಯಿತು, ನಗು ಉಳಿಯಿತು. ಹೋದ ಹಣೆಯ ಜಾಗದಲ್ಲಿ ಒಂದು ಸಾದಾ ಬಣ್ಣವನ್ನು ತುಂಬಿ, "ಇಷ್ಟೇ ನನ್ನ ಅಧಿಕಾರ, ನಾನು ಕಾಣದವರ ಹಣೆಯನ್ನು ನಾನು ಬರೆಯಲಾರೆ" ಎಂದರು. ಆ ತಾಯಿ ಮರುವರ್ಷವೂ ಬಂದರು. ಅಂದು ನಾನು ಅವರ ಕೈಗೆ ಟಾರ್ಚನ್ನು ಕೊಟ್ಟು, ಓರೆಯಾಗಿ ಹಿಡಿಯುವುದನ್ನು ತೋರಿಸಿದೆ. ಅವರು ತಾತನ ಮುಖದ ಮೇಲೆ ಬೆಳಕನ್ನು ಮೆಲ್ಲಗೆ ಆಡಿಸಿ, "ಈಗ ಭದ್ರವಾಗಿದೆ, ಅಲ್ಲವೇ ಮೇಷ್ಟ್ರೇ?" ಎಂದು ಕೇಳಿದರು. "ಹೌದಮ್ಮ" ಎಂದೆ. ನೋಡಿಯೇ ಹೇಳಿದ ಮಾತು ಅದು.