ಮೊದಲ ದಾಖಲೆಗೆ ಸಾಕ್ಷಿ ಯಾರು?



1992ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಜೀನ್ ಕಿಮ್ ಮತ್ತು ಜೀನ್ ಸ್ಪ್ಯಾಫರ್ಡ್ ಕಟ್ಟಿದ ಟ್ರಿಪ್‌ವೈರ್‌ನಿಂದ ಏಡ್‌ವರೆಗೆ, ಕಡತಗಳ ಬದಲಾವಣೆ ಪತ್ತೆಹಚ್ಚುವ ಸಾಧನಗಳ ಚರಿತ್ರೆಯನ್ನು ಮೊದಲ ಗೋಷ್ಠಿಯ ಅಧ್ಯಕ್ಷರು ನನಗಿಂತ ಚೆನ್ನಾಗಿ ಬಲ್ಲರು. ಕಡತಗಳ ಬದಲಾವಣೆಯನ್ನು ಆಗಿಂದಾಗಲೇ ತಿಳಿಸುವ ಲಿನಕ್ಸ್‌ನ ಇನೋಟಿಫೈ ಬಗ್ಗೆ ಮಧ್ಯಾಹ್ನ ಪ್ರಬಂಧವೇ ಇದೆ. ಈ ಆಶಯ ಭಾಷಣದಲ್ಲಿ ನನ್ನ ಮಾತು ತಂತ್ರಾಂಶಗಳ ಪ್ಯಾಕೇಜಿಂಗ್ ಕುರಿತು. ಕೊನೆಯ ಗಳಿಗೆಯಲ್ಲಿ ಕಿರಿಯರ ತಲೆಗೆ ಕಟ್ಟುತ್ತೇವಲ್ಲ, ಆ ಕೆಲಸದ ಕುರಿತು.

ಏಡ್ ಕಡತಗಳ ಹ್ಯಾಷ್, ಅನುಮತಿ, ಒಡೆತನಗಳನ್ನು ಒಂದು ಡೇಟಾಬೇಸಿನಲ್ಲಿ ಒಮ್ಮೆ ದಾಖಲಿಸಿಕೊಂಡು ಆಮೇಲೆ ತಾಳೆ ನೋಡುತ್ತದೆ. ಯಾವುದು ಬದಲಾದರೆ ಸಹಜ, ಯಾವುದು ಬದಲಾದರೆ ಅಪಾಯ ಎಂದು ಅದಕ್ಕೆ ನಾವೇ ಹೇಳಿಕೊಡಬೇಕು. ಡೆಬಿಯನ್‌ನಲ್ಲಿ ಬೇರೆ ಬೇರೆ ತಂತ್ರಾಂಶಗಳ ಇಂಥ ನಿಯಮಗಳ ದೊಡ್ಡ ಕಂತೆಯನ್ನು ಏಡ್ ಪ್ಯಾಕೇಜಿನವರೇ ಬರೆದು ಪೋಷಿಸುತ್ತಾರೆ. ಆದರೆ ಅಪಾಚೆಯ ಲಾಗ್ ಎಲ್ಲಿ ಬೆಳೆಯುತ್ತದೆಂದು ಚೆನ್ನಾಗಿ ಗೊತ್ತಿರುವುದು ಅಪಾಚೆಯನ್ನು ಪ್ಯಾಕೇಜ್ ಮಾಡುವವರಿಗೆ! ನಾವು ದಾರಿ ತಪ್ಪಿದ್ದು ಇಲ್ಲೇ. ಪ್ರತಿ ಪ್ಯಾಕೇಜೂ ತನ್ನ ನಿಯಮವನ್ನು ತಾನೇ ಹೊತ್ತು ತರಬೇಕೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದೇನೆ.

ಒಂದು ಕಾಲೇಜಿನ ಸರ್ವರ್ ಕೋಣೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಹಿಂದಿನ ರಾತ್ರಿ ಅಪ್‌ಗ್ರೇಡ್ ಆಗಿತ್ತು. ಬೆಳಗ್ಗೆ ರೂಟ್‌ನ ಅಂಚೆಪೆಟ್ಟಿಗೆಯಲ್ಲಿ ಏಡ್ ವರದಿ: ಎಡಗಡೆ ಎಫ್ ಅಕ್ಷರ, ಮುಂದೆ ಚುಕ್ಕಿಗಳ ನಡುವೆ ಒಂದೊಂದು ಸಂಕೇತ, ಕೊನೆಗೆ ಕಡತದ ಹೆಸರು, ಪುಟಗಟ್ಟಲೆ ಇದೇ. ಅಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದ ಹುಡುಗಿ ಸ್ಪೇಸ್‌ಬಾರ್ ಒತ್ತುತ್ತಾ ಕೊನೆ ಮುಟ್ಟಿ, ಹಳೆಯ ಡೇಟಾಬೇಸಿನ ಮೇಲೆ ಹೊಸದನ್ನು ನಕಲಿಸಿದಳು. ಆಕೆಯದೇನೂ ತಪ್ಪಿಲ್ಲ. ರಾಶಿ ಸಹಜ ಬದಲಾವಣೆಗಳಲ್ಲಿ ಅಸಹಜವಾದ ಒಂದನ್ನು ಕಣ್ಣಿನಿಂದಲೇ ಹೆಕ್ಕು ಎಂದು ಬಿಟ್ಟವರು ನಾವು.

ಅಪ್‌ಗ್ರೇಡ್ ಮುಗಿದೊಡನೆ ಪ್ಯಾಕೇಜ್ ಮ್ಯಾನೇಜರೇ ಡೇಟಾಬೇಸನ್ನು ಹೊಸದಾಗಿ ಬರೆಯಲಿ ಎನ್ನುವ ಗೆಳೆಯರು ಈ ಸಭೆಯಲ್ಲಿದ್ದಾರೆ. ಅವರ ಶ್ರಮದ ಬಗ್ಗೆ ನನಗೆ ತುಂಬು ಗೌರವವಿದೆ. ಆದರೆ 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದ ಹಿಂಬಾಗಿಲು ಪ್ರಕರಣವನ್ನು ನೆನೆಯಿರಿ. 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅಡಗಿದ್ದ ಸ್ಕ್ರಿಪ್ಟ್, ತಾನು ಡೆಬಿಯನ್ ಅಥವಾ ಆರ್‌ಪಿಎಂ ಪ್ಯಾಕೇಜಾಗುತ್ತಿದ್ದೇನೆಯೇ ಎಂದು ನೋಡಿಕೊಂಡೇ ಕೆಲಸಕ್ಕಿಳಿಯುತ್ತಿತ್ತು. ಪ್ಯಾಕೇಜಿಂಗಿನ ಬೆಲೆ ನಮಗಿಂತ ಮೊದಲು ದಾಳಿಕೋರರಿಗೆ ತಿಳಿದಿತ್ತು. ತಂತ್ರಾಂಶ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಈ ಹಿಂಬಾಗಿಲನ್ನು ಹಿಡಿದದ್ದು ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಯಿತೆಂಬ ಸುಳಿವಿನಿಂದ. ಪ್ಯಾಕೇಜ್ ಮ್ಯಾನೇಜರ್ ತಾನೇ ತಂದು ಕೂರಿಸಿದ ಕಡತವನ್ನು ತಾನೇ ಸರಿಯೆಂದು ದಾಖಲಿಸಿದರೆ ಏಡ್ ಹೇಳುವುದಕ್ಕೆ ಏನು ಉಳಿಯುತ್ತದೆ?

ಬಿಡುಗಡೆಯ ಟಾರ್‌ಬಾಲನ್ನು ಗಿಟ್‌ನ ಮೂಲದೊಂದಿಗೆ ತಾಳೆ ನೋಡದೆ ಯಾರೂ ಪ್ಯಾಕೇಜ್ ಕಟ್ಟಬಾರದು ಎಂಬುದು ನನ್ನ ಒತ್ತಾಯ. ಅಷ್ಟೂ ಸಾಲದು: ಎಕ್ಸ್‌ಝಡ್‌ನಲ್ಲಿ ಚಾಲನೆ ಕೊಡುವ ಸ್ಕ್ರಿಪ್ಟ್ ಟಾರ್‌ಬಾಲಿನಲ್ಲಿ ಮಾತ್ರ ಇತ್ತು ನಿಜ, ಆದರೆ ವಿಷದ ತಿರುಳು ಪರೀಕ್ಷಾ ಕಡತಗಳ ವೇಷದಲ್ಲಿ ಗಿಟ್‌ನಲ್ಲೇ ಕುಳಿತಿತ್ತು. ಹಾಗಾದರೆ ಏಡ್‌ನ ಮೊದಲ ದಾಖಲೆಗೆ ಸಾಕ್ಷಿ ಯಾರು? ಪ್ಯಾಕೇಜ್ ಕಟ್ಟಿದವರೇ, ಯಂತ್ರ ಕಾಯುವವರೇ, ಇಬ್ಬರಿಗೂ ಹೊರಗಿನವರೇ? ನನಗೆ ಉತ್ತರ ಸಿಕ್ಕಿಲ್ಲ. ಎರಡನೇ ಗೋಷ್ಠಿಯವರು ಬೇರೆ ವಿಷಯ ಬದಿಗಿಟ್ಟಾದರೂ ಇದನ್ನು ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ.